ಗುಮ್ಮಟ ಹತ್ತುವುದೋ, ಗಂಟೆಗೋಪುರ ಹತ್ತುವುದೋ: ಫ್ಲಾರೆನ್ಸಿಗೆ ಹೊರಟ ಹುಬ್ಬಳ್ಳಿ ಮಂದಿಗೆ

ಫ್ಲಾರೆನ್ಸಿನ ದೊಡ್ಡ ಚರ್ಚಿನ ಗುಮ್ಮಟಕ್ಕೆ 463 ಪಾವಟಿಗೆ. ಅದರ ಮಗ್ಗುಲಲ್ಲೇ ನಿಂತ ಗಂಟೆಗೋಪುರಕ್ಕೆ 414. ಎರಡೂ ಒಂದೇ ಚೌಕದಲ್ಲಿವೆ, ಎರಡಕ್ಕೂ ಲಿಫ್ಟ್ ಇಲ್ಲ, ಎರಡರ ಮೇಲಿಂದಲೂ ಊರೆಲ್ಲ ಕಾಣುತ್ತದೆ. ಹುಬ್ಬಳ್ಳಿ-ಧಾರವಾಡದಿಂದ ಇಟಲಿಗೆ ಹೋಗುವವರು ಈಗ ಕಡಿಮೆಯೇನಿಲ್ಲ. ಮಗನೋ ಮಗಳೋ ಅಲ್ಲಿ ಓದಲಿಕ್ಕೆ, ನೌಕರಿಗೆ ಇರುತ್ತಾರೆ, ಅಪ್ಪ-ಅವ್ವ ಹೋಗುತ್ತಾರೆ, ರೋಮ್ ಮತ್ತು ವೆನಿಸ್ ನಡುವೆ ಫ್ಲಾರೆನ್ಸಿಗೆ ಒಂದು ದಿನ ಸಿಗುತ್ತದೆ. ಒಂದೇ ದಿನಕ್ಕೆ ಎರಡನ್ನೂ ಹತ್ತಿ ಇಳಿಯುವ ಮೊಣಕಾಲು ಎಲ್ಲರಿಗೂ ಇರುವುದಿಲ್ಲ. ಯಾವುದು ಎಂಬುದನ್ನು ಊರಲ್ಲಿರುವಾಗಲೇ ತೀರ್ಮಾನಿಸಿ. ‘ಅಲ್ಲಿಗೆ ಹೋಗಿ ನೋಡೋಣ’ ಎಂದವರಿಗೆ ಗುಮ್ಮಟ ಸಿಗುವುದು ಕಷ್ಟ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಮನೆಮಂದಿಯೆಲ್ಲ ಹೋಗುತ್ತಿದ್ದರೆ ಗಂಟೆಗೋಪುರ. ಕಟ್ಟಡದ ಕೆಲಸ ಗೊತ್ತಿದ್ದವರು, ಸಿವಿಲ್ ಓದುತ್ತಿರುವವರು, ಗೋಡೆ ನೋಡಿದರೆ ಅದು ಹೇಗೆ ನಿಂತಿದೆ ಎಂದು ಕೇಳುವ ಸ್ವಭಾವದವರು ಇದ್ದರೆ ಗುಮ್ಮಟ. ಕಾರಣ ಸರಳ. ಗುಮ್ಮಟದ ತುದಿಯಲ್ಲಿ ನಿಂತವನಿಗೆ ಫ್ಲಾರೆನ್ಸಿನಲ್ಲಿ ಕಾಣದ ಒಂದೇ ಕಟ್ಟಡ ಎಂದರೆ ಆ ಗುಮ್ಮಟ. ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತವರಿಗೆ ಇದು ಹೊಸದಲ್ಲ: ಒಳಗಿನ ಬೋಗುಣಿ ಕಾಣುತ್ತದೆ, ಮಾತು ಮರಳಿ ಬರುತ್ತದೆ, ಆದರೆ ವಿಜಯಪುರದ ಯಾವ ಮೂಲೆಯಿಂದಲೂ ಎದ್ದು ಕಾಣುವ ಆ ದುಂಡು ಆಕಾರ ನೋಡಬೇಕೆಂದರೆ ಕೆಳಗಿಳಿದು ಹಿಂದೆ ಸರಿಯಬೇಕು. ಫ್ಲಾರೆನ್ಸಿನಲ್ಲಿ ಹಾಗೆ ಹಿಂದೆ ಸರಿಯುವ ಜಾಗವೇ ಗಂಟೆಗೋಪುರ. 84.7 ಮೀಟರ್ ಎತ್ತರದ ಅದರ ಮಾಳಿಗೆಯಲ್ಲಿ ನಿಂತರೆ ಕೆಂಪು ಹಂಚಿನ ಗುಮ್ಮಟ, ಅದರ ಎಂಟು ಬಿಳಿ ಏಣುಗಳು, ತುದಿಯ ಅಮೃತಶಿಲೆಯ ಗೂಡು ಎಲ್ಲವೂ ಹೆಚ್ಚುಕಡಿಮೆ ಕಣ್ಣೆತ್ತರಕ್ಕೆ ಬರುತ್ತವೆ. ಫ್ಲಾರೆನ್ಸ್ ಎಂದರೆ ನೆನಪಾಗುವ ಫೋಟೋ ಅಲ್ಲಿಂದ ಸಿಗುತ್ತದೆ.

ಇನ್ನು ಗುಮ್ಮಟದ ಕಡೆಯ ವಾದ. ಇದು ಸ್ವಲ್ಪ ಉದ್ದ, ಏಕೆಂದರೆ ಅಲ್ಲಿ ನೋಡುವುದು ಊರನ್ನಲ್ಲ, ಗೋಡೆಯನ್ನು.

ಚರ್ಚಿನ ಕೆಲಸ ಶುರುವಾದದ್ದು 1296ರಲ್ಲಿ. ನೂರಿಪ್ಪತ್ತು ವರ್ಷ ಕಳೆದರೂ ನಡುವಿನ ಎಂಟು ಮೂಲೆಯ ಬಾಯಿ ತೆರೆದೇ ಇತ್ತು. ಅಗಲ ಸುಮಾರು 45 ಮೀಟರ್. ನಮ್ಮ ಗೋಲಗುಮ್ಮಟದ ಒಳಗಲ 38 ಮೀಟರಿನ ಹತ್ತಿರ, ಅದೂ ಮುಗಿದದ್ದು 1656ರಲ್ಲಿ. ಫ್ಲಾರೆನ್ಸಿನ ತೊಡಕು ಅಗಲದ್ದಷ್ಟೇ ಆಗಿರಲಿಲ್ಲ. ಕಮಾನು ಕಟ್ಟುವ ಯಾವ ಗೌಂಡಿಯನ್ನಾದರೂ ಕೇಳಿ, ಮೊದಲು ಸೆಂಟ್ರಿಂಗ್ ಎನ್ನುತ್ತಾನೆ. ಗಚ್ಚು ಬಿಗಿಯುವತನಕ ಕೆಳಗಿನಿಂದ ಕಟ್ಟಿಗೆಯ ಆಸರೆ ಬೇಕು. ಇಲ್ಲಿ ಗುಮ್ಮಟ ಏಳಬೇಕಾದ ಅಂಚೇ ನೆಲದಿಂದ ಐವತ್ತು ಮೀಟರಿಗೂ ಮೇಲೆ. ಅಷ್ಟೆತ್ತರಕ್ಕೆ, ಅಷ್ಟಗಲಕ್ಕೆ ಸೆಂಟ್ರಿಂಗ್ ಹೊಡೆಯುವಷ್ಟು ಕಟ್ಟಿಗೆ ಎಲ್ಲಿಂದ ತರುವುದು? 1418ರಲ್ಲಿ ಸ್ಪರ್ಧೆ ಕರೆದರು. ಸೆಂಟ್ರಿಂಗ್ ಇಲ್ಲದೆ ಕಟ್ಟುತ್ತೇನೆ ಎಂದವನು ಫಿಲಿಪ್ಪೊ ಬ್ರುನೆಲ್ಲೆಸ್ಕಿ. ಕಲಿತ ಕಸುಬು ಪತ್ತಾರಿಕೆ. 1420ರಲ್ಲಿ ಕೆಲಸ ಹಿಡಿದು 1436ರಲ್ಲಿ ಮುಗಿಸಿದ.

ಹತ್ತುವಾಗ ಕಣ್ಣಿಡಬೇಕಾದದ್ದು ಇಟ್ಟಿಗೆಯ ವರಸೆಯ ಮೇಲೆ. ಗೋಡೆ ಮೇಲೇರಿದಂತೆ ಒಳಕ್ಕೆ ವಾಲುತ್ತದೆ. ವಾಲಿದ ಗೋಡೆಯ ಮೇಲೆ ಹಸಿ ಗಚ್ಚಿನಲ್ಲಿ ಇಟ್ಟ ಇಟ್ಟಿಗೆ ಜಾರಿ ಬೀಳಬೇಕು. ಬ್ರುನೆಲ್ಲೆಸ್ಕಿ ಸಾಲಿನಲ್ಲಿ ಅಷ್ಟಷ್ಟು ದೂರಕ್ಕೆ ಒಂದೊಂದು ಇಟ್ಟಿಗೆಯನ್ನು ನಿಲ್ಲಿಸಿ ಇಡಿಸಿದ. ನಿಂತ ಇಟ್ಟಿಗೆಯ ಬುಡ ಆಗಲೇ ಬಿಗಿದ ಕೆಳಗಿನ ಸಾಲುಗಳಲ್ಲಿ ಹಿಡಿದಿರುತ್ತದೆ, ತಲೆ ಹೊಸ ಸಾಲಿಗಿಂತ ಮೇಲೆ ಚಾಚಿರುತ್ತದೆ. ಎರಡು ನಿಂತ ಇಟ್ಟಿಗೆಗಳ ನಡುವೆ ಮಲಗಿಸಿದ ಇಟ್ಟಿಗೆಗಳು ಬೆಣೆ ಹೊಡೆದ ಹಾಗೆ ಸಿಕ್ಕಿಕೊಳ್ಳುತ್ತವೆ, ಜಾರಲು ದಾರಿಯಿಲ್ಲ. ಮುಂದಿನ ಸಾಲಿನಲ್ಲಿ ನಿಂತ ಇಟ್ಟಿಗೆಯ ಜಾಗ ಒಂದು ಇಟ್ಟಿಗೆಯಷ್ಟು ಪಕ್ಕಕ್ಕೆ ಸರಿಯುತ್ತದೆ. ಹೀಗೆ ಸರಿಯುತ್ತ ಹೋಗಿ ಮೀನಿನ ಮುಳ್ಳಿನಂಥ ಓರೆ ಗೆರೆ ಗೋಡೆಯ ತುಂಬ ಸುತ್ತಿಕೊಂಡು ಮೇಲೇರುತ್ತದೆ. ಒಂದು ಸುತ್ತು ಪೂರ್ತಿಯಾದೊಡನೆ ಆ ಉಂಗುರ ತನ್ನನ್ನು ತಾನೇ ಹಿಡಿದುಕೊಂಡು ನಿಲ್ಲುತ್ತದೆ. ಸೆಂಟ್ರಿಂಗಿನ ಕೆಲಸವನ್ನು ಗೋಡೆಯೇ ಮಾಡುತ್ತದೆ. ಗುಮ್ಮಟ ಒಂದಲ್ಲ, ಎರಡು: ಒಳಗೆ ದಪ್ಪನೆಯದು, ಹೊರಗೆ ಮಳೆ-ಗಾಳಿ ತಡೆಯಲು ತೆಳುವಾದದ್ದು. ನೀವು ಹತ್ತುವುದು ಇವೆರಡರ ನಡುವಿನ ಸಂದಿಯಲ್ಲಿ. ಹಾಗಾಗಿಯೇ ಈ ಇಟ್ಟಿಗೆಯ ವರಸೆ ಮೂಗಿನ ಮುಂದೆಯೇ ಬರುತ್ತದೆ. ಗುಮ್ಮಟ ಹೊರಕ್ಕೆ ಸಿಡಿಯದಂತೆ ಸುತ್ತಲೂ ಕಲ್ಲಿನ, ಕಟ್ಟಿಗೆಯ ಪಟ್ಟಿಗಳನ್ನು ಹುದುಗಿಸಿದ್ದಾರೆ, ಪೀಪಾಯಿಗೆ ಬಳೆ ಬಿಗಿದ ಹಾಗೆ. ಕಟ್ಟಿಗೆಯ ಪಟ್ಟಿಯ ದಪ್ಪ ತೊಲೆಗಳು ಹತ್ತುವ ದಾರಿಯಲ್ಲೇ ಕಾಣುತ್ತವೆ. ಬೆಳಕು ಮಂದ, ಮೊಬೈಲಿನ ಟಾರ್ಚ್ ಹಚ್ಚಿಕೊಳ್ಳಿ. ಹಿಂದಿನವರು ದಬ್ಬುತ್ತಾರೆಂದು ಓಡಿದರೆ 30 ಯೂರೊ ಕೊಟ್ಟು ಬರೀ ಪಾವಟಿಗೆ ಎಣಿಸಿ ಬಂದಂತಾಗುತ್ತದೆ.

ಇಟ್ಟಿಗೆ, ಕಲ್ಲು ಮೇಲೆ ಹೋದದ್ದು ಎತ್ತುಗಳ ಬಲದಿಂದ. ಕೆಳಗೆ ನೆಲದ ಮೇಲೆ ನಮ್ಮ ಗಾಣದಂತೆ ಎತ್ತುಗಳು ಸುತ್ತುತ್ತಿದ್ದವು. ಸಾಮಾನು ಏರಿದ ಮೇಲೆ ಹಗ್ಗ ಇಳಿಸಬೇಕೆಂದರೆ ಚಕ್ರ ಉಲ್ಟಾ ತಿರುಗಬೇಕು, ಎತ್ತುಗಳೋ ಹಿಂದಕ್ಕೆ ನಡೆಯುವುದಿಲ್ಲ. ಪ್ರತಿ ಸಲ ಕೊಳ್ಳು ಹರಿದು ಮುಖ ತಿರುಗಿಸಿ ಹೂಡುತ್ತ ಕೂತರೆ ದಿನವೆಲ್ಲ ಅದಕ್ಕೇ ಹೋಗುತ್ತದೆ. ಬ್ರುನೆಲ್ಲೆಸ್ಕಿ ನಡುವಿನ ಕಂಬಕ್ಕೆ ಮೇಲೊಂದು ಕೆಳಗೊಂದು ಹಲ್ಲಿನ ಚಕ್ರ ಕೂಡಿಸಿ, ದೊಡ್ಡ ತಿರುಪಿನಿಂದ ಕಂಬವನ್ನು ಮೇಲೆ-ಕೆಳಗೆ ಸರಿಸುವ ಏರ್ಪಾಟು ಮಾಡಿದ. ಮೇಲಿನ ಚಕ್ರ ಕಚ್ಚಿದರೆ ಹಗ್ಗ ಏರುತ್ತದೆ, ಕೆಳಗಿನದು ಕಚ್ಚಿದರೆ ಇಳಿಯುತ್ತದೆ. ಎತ್ತುಗಳು ಮಾತ್ರ ಒಂದೇ ದಿಕ್ಕಿಗೆ ನಡೆಯುತ್ತಲೇ ಇರುತ್ತವೆ. ಗಿಯರ್ ಹಾಕಿದ ಗಾಣ ಎನ್ನಬಹುದು.

ಗುಮ್ಮಟದ ದಾರಿ ಹೀಗಿದೆ. ಚರ್ಚಿನ ಉತ್ತರ ಬದಿಯ ಬಾಗಿಲಲ್ಲಿ ಪಾಳಿ, ಟಿಕೆಟ್ ಮತ್ತು ಚೀಲದ ತಪಾಸಣೆ. ಮೊದಲು ಸುತ್ತು ಪಾವಟಿಗೆ. ಅದು ಮುಗಿದಾಗ ಗುಮ್ಮಟದ ಬುಡದಲ್ಲಿ ಒಳಗಿನ ಅಂಚಿಗೆ ಬರುತ್ತೀರಿ. ಕೆಳಗೆ ಚರ್ಚಿನ ನೆಲ, ತಲೆಯ ಮೇಲೆ ‘ಕೊನೆಯ ತೀರ್ಪು’ ಚಿತ್ರ. ಜಾರ್ಜೊ ವಸಾರಿ 1572ರಲ್ಲಿ ಬರೆಯಲು ಶುರುಮಾಡಿ ಎರಡು ವರ್ಷಕ್ಕೆ ತೀರಿಕೊಂಡ, ಫೆಡೆರಿಕೊ ಝುಕ್ಕಾರಿ 1579ಕ್ಕೆ ಮುಗಿಸಿದ. ನರಕ ಇರುವುದು ಕೆಳಗಿನ ಪಟ್ಟಿಯಲ್ಲಿ, ಅಂದರೆ ನಿಮ್ಮ ತೀರ ಹತ್ತಿರ. ನೆಲದಿಂದ ನೋಡಲೆಂದು ಬರೆದ ಆಕೃತಿಗಳು, ಆದ್ದರಿಂದ ಹತ್ತಿರದಲ್ಲಿ ರಾಕ್ಷಸಗಾತ್ರ. ತಲೆತಿರುಗುವವರು ಇಲ್ಲಿ ಗೋಡೆಗೆ ಆತುಕೊಂಡು ದಾಟಬೇಕು. ಆಮೇಲೆ ಎರಡು ಗುಮ್ಮಟಗಳ ನಡುವಿನ ಸಂದಿ. ಒಂದು ಕಡೆಯ ಗೋಡೆ ಮೈಮೇಲೆ ವಾಲುತ್ತ ಬರುತ್ತದೆ, ಎತ್ತರದವರು ತಲೆ ಬಗ್ಗಿಸಬೇಕು, ಕೆಲವೆಡೆ ಇಳಿಯುವವರು ಎದುರಾಗುತ್ತಾರೆ. ಕೊನೆಯ ತುಣುಕು ಏಣಿಯಷ್ಟು ಕಡಿದು. ಅದು ದಾಟಿದರೆ ಸುಮಾರು 90 ಮೀಟರ್ ಎತ್ತರದಲ್ಲಿ ಗಾಳಿ, ಬೆಳಕು, ಸುತ್ತ ಟಸ್ಕನಿಯ ಗುಡ್ಡಗಳು. ಒಟ್ಟು ಮುಕ್ಕಾಲು ತಾಸಿನಿಂದ ಒಂದು ತಾಸು.

ನಡುವೆ ‘ಸಾಕು’ ಎಂದು ತಿರುಗಿ ಇಳಿಯುವುದು ಗುಮ್ಮಟದಲ್ಲಿ ಸುಲಭವಲ್ಲ. ದಾರಿ ಇಕ್ಕಟ್ಟು, ಹಿಂದೆ ಮಂದಿ ಬರುತ್ತಿರುತ್ತಾರೆ. ಹೃದಯದ ತೊಂದರೆ, ಉಬ್ಬಸ, ಇಕ್ಕಟ್ಟಿನ ಭಯ ಇದ್ದವರು, ಬಸುರಿಯರು ಹತ್ತಬಾರದು. ಗಂಟೆಗೋಪುರದ ಪಾವಟಿಗೆಯೂ ಕಿರಿದೇ, ಹತ್ತುವವರು ಇಳಿಯುವವರು ಒಬ್ಬರಿಗೊಬ್ಬರು ದಾರಿ ಬಿಡಬೇಕು. ಆದರೆ ಅಲ್ಲಿ ಅಂತಸ್ತಿಗೊಂದು ಅಂಗಳ ಸಿಗುತ್ತದೆ. ದೊಡ್ಡ ಕಿಟಕಿ, ಗಾಳಿ, ಕೂತು ತೇಕು ಇಳಿಸಿಕೊಳ್ಳಲು ಜಾಗ. ಮೊದಲ ಅಂತಸ್ತಿಗೆ ಸಾಕೆನಿಸಿದವರು ಅಲ್ಲಿಯೇ ಉಳಿದರೂ ಊರು ಕಂಡಿರುತ್ತದೆ. ಗಂಟೆಗಳಿರುವ ಅಂತಸ್ತಿನಲ್ಲಿ ಗಂಟೆ ಬಾರಿಸುವ ಹೊತ್ತಿಗೆ ಸಿಕ್ಕರೆ ಮಕ್ಕಳ ಕಿವಿ ಮುಚ್ಚಿ. ತುದಿಯಲ್ಲಿ ಸುತ್ತಲೂ ತಂತಿಜಾಲರಿ ಇದೆ. ಮೊಬೈಲಿನ ಲೆನ್ಸ್ ಜಾಲರಿಯ ಕಣ್ಣಿಗೆ ಹಿಡಿದರೆ ಫೋಟೋ ಚೊಕ್ಕ ಬರುತ್ತದೆ, ದೊಡ್ಡ ಕ್ಯಾಮೆರಾದವರಿಗೆ ಅದು ಕಾಟ.

463 ಎಂದರೆ ಎಷ್ಟು ಎಂಬ ಅಂದಾಜು ಊರಲ್ಲೇ ಸಿಗುತ್ತದೆ. ಮಾಳಿಗೆಗೆ 20 ಪಾವಟಿಗೆಯಂತೆ ಮೂರು ಮಾಳಿಗೆಯ ಅಪಾರ್ಟ್‌ಮೆಂಟಿನ ಬುಡದಿಂದ ಗಚ್ಚಿಗೆ 60. ಗೋಪುರಕ್ಕೆ ಏಳು ಸಲ, ಗುಮ್ಮಟಕ್ಕೆ ಎಂಟು ಸಲ ಹತ್ತಬೇಕು. ಮುಂಜಾನೆ ನೃಪತುಂಗ ಬೆಟ್ಟಕ್ಕೆ ಹೋಗಿಬರುವ ರೂಢಿ ಇದ್ದವರಿಗೆ ಉಸಿರು ಸಾಕಾಗುತ್ತದೆ. ಆದರೆ ಇಳಿಯುವಾಗ ಮೊಣಕಾಲಿಗೆ ಬೀಳುವ ಭಾರ ಬೇರೆಯೇ. ಹೊರಡುವ ಮೂರು ವಾರ ಮೊದಲಿನಿಂದ ಇಳಿಯುವುದನ್ನೂ ರೂಢಿಸಿಕೊಳ್ಳಿ. ಎಂಟರಲ್ಲಿ ಐದನೇ ಸಲಕ್ಕೇ ಮೊಣಕಾಲು ನೋಯ್ದರೆ ಗುಮ್ಮಟದ ಟಿಕೆಟ್ ತೆಗೆಸಬೇಡಿ.

ಟಿಕೆಟಿನ ವಿಷಯ. ಗುಮ್ಮಟ, ಗೋಪುರ, ಎದುರಿನ ಬ್ಯಾಪ್ಟಿಸ್ಟರಿ (ದೀಕ್ಷಾಸ್ನಾನದ ಕಟ್ಟಡ), ಮ್ಯೂಸಿಯಂ, ಚರ್ಚಿನ ಕೆಳಗಿನ ಹಳೆಯ ಚರ್ಚು ಸಾಂತಾ ರೆಪರಾತಾ ಎಲ್ಲ ಸೇರಿದ ಬ್ರುನೆಲ್ಲೆಸ್ಕಿ ಪಾಸಿಗೆ ಇತ್ತೀಚಿನ ವರ್ಷಗಳಲ್ಲಿ 30 ಯೂರೊ. ಗುಮ್ಮಟ ಬಿಟ್ಟು ಉಳಿದದ್ದೆಲ್ಲ ಇರುವ ಜೊತ್ತೊ ಪಾಸಿಗೆ 20. ಎರಡೂ ಹತ್ತುವುದು ಬೇಡವೆಂದರೆ ಗಿಬೆರ್ತಿ ಪಾಸ್ 15. ದರ ಬದಲಾಗಬಹುದು, ಕೊಳ್ಳುವ ದಿನ ಅಧಿಕೃತ ತಾಣದಲ್ಲಿ ನೋಡಿ. ಪಾಸು ಮೂರು ದಿನ ನಡೆಯುತ್ತದೆ, ಒಂದೊಂದು ಜಾಗಕ್ಕೆ ಒಂದೇ ಪ್ರವೇಶ. ಚರ್ಚಿನೊಳಗೆ ಹೋಗಲು ದುಡ್ಡಿಲ್ಲ, ಆದರೆ ಪಾಳಿ ಬೇರೆ. ಗುಮ್ಮಟದ ಟಿಕೆಟ್ ತೋರಿಸಿ ಚರ್ಚಿನ ಪಾಳಿ ತಪ್ಪಿಸಲಾಗುವುದಿಲ್ಲ.

ಗುಮ್ಮಟಕ್ಕೆ ದಿನ ಮತ್ತು ಹೊತ್ತು ಮೊದಲೇ ಗೊತ್ತುಮಾಡಬೇಕು. ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಹೊತ್ತುಗಳು ಬೇಗ ಮುಗಿಯುತ್ತವೆ. ಒಮ್ಮೆ ತೆಗೆಸಿದ ಹೊತ್ತು ಬದಲಾಗುವುದಿಲ್ಲ, ತಡವಾದರೆ ಒಳಗೆ ಬಿಡುವುದಿಲ್ಲ. ತಾಣದಲ್ಲಿ ತೋರಿಸುವುದು ಇಟಲಿಯ ಹೊತ್ತು. ಬೇಸಿಗೆಯಲ್ಲಿ ನಮಗಿಂತ ಮೂರೂವರೆ ತಾಸು ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ದುಡ್ಡು ಕಟ್ಟುವಾಗ ಕೆಡುವುದು ಹೆಚ್ಚಾಗಿ ನಮ್ಮ ಕಾರ್ಡಿನಿಂದ. ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಬಂದ್ ಆಗಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ಆನ್‌ಲೈನ್ ಬಳಕೆ ಚಾಲೂ ಮಾಡಿ, ಮಿತಿ ಏರಿಸಿ, ಆಮೇಲೆ ಕೂರಿ. ಇಲ್ಲದಿದ್ದರೆ ಆರಿಸಿದ ಹೊತ್ತು ಕೈತಪ್ಪುತ್ತದೆ. ಗೂಗಲ್‌ನಲ್ಲಿ ಮೊದಲು ಬರುವ ತಾಣಗಳು ಬಹಳಷ್ಟು ಮಧ್ಯವರ್ತಿಗಳವು, ಅದೇ ಪಾಸಿಗೆ ದುಬಾರಿ ದರ. ವಿಳಾಸದಲ್ಲಿ ಡುವೊಮೊ (ಈ ದೊಡ್ಡ ಚರ್ಚಿಗೆ ಇಟಲಿಯವರು ಹೇಳುವ ಹೆಸರು), ಫಿರೆಂಜೆ ಎಂಬ ಎರಡೂ ಪದ ಇವೆಯೇ, ಕೊನೆಗೆ ಡಾಟ್ ಐಟಿ (.it) ಇದೆಯೇ ನೋಡಿ.

ಫಿರೆಂಜೆ ಎಂದರೆ ಫ್ಲಾರೆನ್ಸೇ. ರೈಲಿನ ಬೋರ್ಡಿನಲ್ಲೂ ಇದೇ ಹೆಸರು. ಇಳಿಯಬೇಕಾದ್ದು ಸಾಂತಾ ಮರಿಯಾ ನೊವೆಲ್ಲಾ ಸ್ಟೇಶನ್ನಿನಲ್ಲಿ. ಬೋರ್ಡಿನಲ್ಲಿ ಎಸ್ ಎಂ ಎನ್ ಎಂದಿರುತ್ತದೆ. ಕಾಂಪೊ ದಿ ಮಾರ್ತೆ ಅಥವಾ ರಿಫ್ರೆದಿಯಲ್ಲಿ ಇಳಿದರೆ ಧಾರವಾಡಕ್ಕೆಂದು ಹೊರಟು ನವಲೂರಿನಲ್ಲಿ ಇಳಿದಂತೆ. ನೊವೆಲ್ಲಾದಿಂದ ಚರ್ಚಿಗೆ ಹತ್ತು-ಹದಿನೈದು ನಿಮಿಷದ ನಡಿಗೆ. ರೋಮಿನಿಂದ ವೇಗದ ರೈಲು ಒಂದೂವರೆ ತಾಸು. ರೋಮಿನಿಂದ ಮುಂಜಾನೆ ಹೊರಟು ಅದೇ ಮುಂಜಾನೆಗೆ ಗುಮ್ಮಟದ ಹೊತ್ತು ಹಿಡಿಯುವವರೇ ಹೆಚ್ಚು ಕೈ ಸುಟ್ಟುಕೊಳ್ಳುವುದು. ರೈಲು ತಡವಾಗುತ್ತದೆ, ಸೂಟ್‌ಕೇಸು ಕೈಯಲ್ಲಿರುತ್ತದೆ, ದೊಡ್ಡ ಚೀಲ ಒಳಗೆ ಬಿಡುವುದಿಲ್ಲ, ಸ್ಟೇಶನ್ನಿನ ಸಾಮಾನು ಕೊಠಡಿಯಲ್ಲಿ ಪಾಳಿ. ರೈಲು ಮುಟ್ಟಿದ ಮೇಲೆ ಎರಡು ತಾಸಾದರೂ ಬಿಟ್ಟು ಹೊತ್ತು ಆರಿಸಿ. ಗುಂಪು ಟೂರಿನ ಬಸ್ಸಿನಲ್ಲಿ ಹೋಗುವವರು ಎರಡನ್ನೂ ಮರೆಯುವುದೇ ಒಳ್ಳೆಯದು. ಬಸ್ಸು ಹಳೆ ಊರಿನೊಳಗೆ ಬರುವುದಿಲ್ಲ, ನಡೆದು ಬಂದು ನಡೆದು ಹೋಗುವಷ್ಟರಲ್ಲಿ ಕೊಟ್ಟ ಸಮಯ ಮುಗಿದಿರುತ್ತದೆ.

ಬಟ್ಟೆಯ ತೊಂದರೆ ನಮ್ಮವರಿಗೆ ಕಡಿಮೆ: ಭುಜ, ಮೊಣಕಾಲು ಮುಚ್ಚಿದ್ದರೆ ಸಾಕು. ಸೀರೆಯಲ್ಲಿ ಹತ್ತುವ ಅವ್ವಂದಿರು ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಬೇಕು. ಸುತ್ತು ಪಾವಟಿಗೆಯಲ್ಲಿ ಒಂದು ಕೈ ಗೋಡೆಗೇ ಬೇಕು. ಚಪ್ಪಲಿ ಬೇಡ, ಹಿಂದೆ ಪಟ್ಟಿಯಿರುವ ಬೂಟು. ಹತ್ತುವ ದಾರಿಯಲ್ಲಿ ಶೌಚಾಲಯವಿಲ್ಲ.

ಹೊತ್ತು ಆರಿಸುವಾಗ ಬೆಳಕಿನ ಲೆಕ್ಕ ಹಾಕುವವರು ಕಡಿಮೆ. ಚರ್ಚಿನ ಮುಖ ಪಶ್ಚಿಮಕ್ಕೆ, ಗೋಪುರ ಆ ಮುಖದ ಪಕ್ಕ, ಗುಮ್ಮಟ ಪೂರ್ವದ ತುದಿಗೆ. ಗೋಪುರದಿಂದ ಗುಮ್ಮಟ ನೋಡುವುದೆಂದರೆ ಪೂರ್ವಕ್ಕೆ ನೋಡುವುದು. ಮುಂಜಾನೆ ಸೂರ್ಯ ಗುಮ್ಮಟದ ಹಿಂದಿರುತ್ತಾನೆ, ಫೋಟೋದಲ್ಲಿ ಕರಿ ಗುಡ್ಡೆ. ಮಧ್ಯಾಹ್ನದ ನಂತರ ಬೆಳಕು ನಿಮ್ಮ ಬೆನ್ನಿಗೆ ಬಂದು ಹಂಚು ಕೆಂಪೇರುತ್ತದೆ. ಗುಮ್ಮಟ ಹತ್ತುವವರಿಗೆ ತಿರುಗಾಮುರುಗಾ, ಮುಂಜಾನೆ ಮೊದಲ ಹೊತ್ತೇ ಲೇಸು. ಗೋಪುರದ ಮೇಲೆ ಬಿಸಿಲು ಬೀಳುವುದು ಆಗ ಕಾಣುತ್ತದೆ, ಸಂದಿಯೂ ಇನ್ನೂ ಬಿಸಿಯೇರಿರುವುದಿಲ್ಲ. ಪಾಸು ಮೂರು ದಿನದ್ದಾದ್ದರಿಂದ, ರಾತ್ರಿ ಫ್ಲಾರೆನ್ಸಿನಲ್ಲೇ ಉಳಿಯುವ ಗಟ್ಟಿ ಮಂದಿ ಒಂದು ಸಂಜೆ ಗೋಪುರ, ಮರುದಿನ ಮುಂಜಾನೆ ಗುಮ್ಮಟ ಮಾಡಬಹುದು. ಡಿಸೆಂಬರಿನಲ್ಲಿ ಐದಕ್ಕಿಂತ ಮೊದಲೇ ಕತ್ತಲೆ.

ಹಿರಿಯರನ್ನು ಕೆಳಗೆ ಬೆಂಚಿನ ಮೇಲೆ ಕೂರಿಸಿ ಹೋಗಬೇಡಿ. ಚರ್ಚಿನ ಹಿಂದೆಯೇ ಅದರ ಮ್ಯೂಸಿಯಂ ಇದೆ, ಯಾವ ಪಾಸಿನಲ್ಲೂ ಸೇರಿದೆ, ಲಿಫ್ಟ್ ಇದೆ. ಮೇಲಿನ ಅಂತಸ್ತಿನ ಮಾಳಿಗೆಯಿಂದ ಗುಮ್ಮಟ ಇನ್ನೇನು ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಮಕ್ಕಳು ಗೋಪುರ ಹತ್ತುವ ಹೊತ್ತಿಗೆ ಅಜ್ಜ-ಅಮ್ಮ ಇಲ್ಲಿ ಇರಲಿ. ಬ್ಯಾಪ್ಟಿಸ್ಟರಿಗೆ ಶಿಲ್ಪಿ ಗಿಬೆರ್ತಿ ಮಾಡಿದ ಚಿನ್ನದ ಬಣ್ಣದ ಬಾಗಿಲುಗಳ ಅಸಲು ಇರುವುದೂ ಇಲ್ಲೇ; ಹೊರಗೆ ಮಂದಿ ಮುತ್ತಿಕೊಂಡು ಫೋಟೋ ತೆಗೆಯುವುದು ನಕಲಿನದು. ತಿಂಗಳ ಮೊದಲ ಮಂಗಳವಾರ ಮ್ಯೂಸಿಯಂ ಮುಚ್ಚಿರುತ್ತದೆ.

ಗಂಟೆಗೋಪುರಕ್ಕೆ ಹತ್ತದೆಯೂ ನೋಡಬಹುದಾದ ಒಂದು ಭಾಗವಿದೆ, ಗದಗ-ಲಕ್ಕುಂಡಿಯ ಗುಡಿಗಳನ್ನು ಬುಡದಿಂದ ಸಾಲುಸಾಲಾಗಿ ಓದಿದವರಿಗೆ ಅದು ಹಿಡಿಸುತ್ತದೆ. 1334ರಲ್ಲಿ ಚಿತ್ರಕಾರ ಜೊತ್ತೊ ಈ ಗೋಪುರ ಶುರುಮಾಡಿದ, ಮೂರು ವರ್ಷಕ್ಕೆ ತೀರಿಕೊಂಡ. ಆಂದ್ರೆಯಾ ಪಿಸಾನೊ ಮುಂದುವರಿಸಿದ, 1359ರಲ್ಲಿ ಫ್ರಾಂಚೆಸ್ಕೊ ತಲೆಂತಿ ಮುಗಿಸಿದ. ಬಿಳಿ, ಹಸಿರು, ನಸುಗೆಂಪು ಅಮೃತಶಿಲೆಯ ಆ ಗೋಡೆಯ ಬುಡದಲ್ಲಿ ಆರು ಮೂಲೆಯ ಕೆತ್ತನೆ ಫಲಕಗಳು. ಅಲ್ಲಿ ಸಂತರಿಗಿಂತ ಕಸುಬುಗಳೇ ಹೆಚ್ಚು: ಎತ್ತು ಹೂಡಿ ನೇಗಿಲು ಹೊಡೆಯುವುದು, ಕಬ್ಬಿಣ ಬಡಿಯುವುದು, ಮನೆ ಕಟ್ಟುವುದು. ಮಗ್ಗದ ಫಲಕವೂ ಇದೆ, ಬೆಟಗೇರಿಯವರು ಹುಡುಕಿ ನೋಡಲಿ. ಗೋಡೆಯ ಮೇಲಿರುವುದು ನಕಲು. ಅಸಲು ಮ್ಯೂಸಿಯಂನಲ್ಲಿ, ಕಣ್ಣಿನ ಮಟ್ಟಕ್ಕೇ ಬರುವುದರಿಂದ ಅಲ್ಲೇ ಚೆಂದ ಕಾಣುತ್ತದೆ.

ಹಸಿವಾಗಿ ಬ್ರೆಡ್ ಕೊಂಡರೆ ಸಪ್ಪೆ ಎನಿಸಬಹುದು. ಕೆಟ್ಟಿಲ್ಲ, ಟಸ್ಕನಿಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಶೇಂಗಾ ಚಟ್ನಿಯ ಡಬ್ಬಿ ಹೋಟೆಲಿನಲ್ಲಿ ಬಿಟ್ಟು ಬರಬೇಡಿ.

ಹೊರಡುವ ಮೊದಲು ಚರ್ಚಿನ ಹಿಂಬದಿಗೆ ಹೋಗಿ. ಕಲ್ಲುಹಾಸಿನಲ್ಲಿ ಒಂದು ದುಂಡನೆಯ ಬಿಳಿ ಅಮೃತಶಿಲೆ ಕೂಡಿಸಿದ್ದಾರೆ, ಹೆಸರಿಲ್ಲ, ಬರಹವಿಲ್ಲ, ಮಂದಿ ತುಳಿದುಕೊಂಡೇ ಹೋಗುತ್ತಾರೆ. ಗುಮ್ಮಟದ ತುದಿಯಲ್ಲಿರುವ ತಾಮ್ರದ ಚೆಂಡು 1600ರ ಆಸುಪಾಸಿನಲ್ಲಿ ಸಿಡಿಲು ಬಡಿದು ಉರುಳಿ ಬಿದ್ದ ಜಾಗ ಅದು. ಅಲ್ಲಿ ನಿಂತು ಕತ್ತೆತ್ತಿದರೆ ಈಗಿನ ಚೆಂಡು ಕಾಣುತ್ತದೆ, ಅದರ ಕೆಳಗಿನ ಕಟಾಂಜನಕ್ಕೆ ಆತುಕೊಂಡ ಮಂದಿಯ ತಲೆಗಳೂ, ಸಾಸಿವೆ ಕಾಳಿನಷ್ಟು.